ಗಿರಣಿಗಳ ಗೇಟು ಮುಚ್ಚಿಸಿದ್ದು ಯಾರು?

1982ರ ಜನವರಿ 18, ಸೋಮವಾರ. ಮುಂಬೈನ ಪರೇಲ್, ಲಾಲ್‌ಬಾಗ್, ವರ್ಲಿ, ಬೈಕುಲಾ ಭಾಗದ ಬಟ್ಟೆ ಗಿರಣಿಗಳಲ್ಲಿ ಅಂದಿನ ಪಾಳಿಗೆ ಕಾರ್ಮಿಕರು ಬರಲಿಲ್ಲ. ಅರವತ್ತರ ಆಸುಪಾಸಿನ ಗಿರಣಿಗಳು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಆ ದಿನ ಶುರುವಾದ ಮುಷ್ಕರವನ್ನು ಆಮೇಲೆ ಯಾರೂ ಅಧಿಕೃತವಾಗಿ ಹಿಂತೆಗೆದುಕೊಳ್ಳಲೇ ಇಲ್ಲ. ಒಪ್ಪಂದವಾಗಲಿಲ್ಲ, ಸಹಿ ಬೀಳಲಿಲ್ಲ. ಒಂದೂವರೆ ವರ್ಷದ ಹೊತ್ತಿಗೆ ಅದು ತಾನಾಗಿ ಕರಗಿಹೋಯಿತು. ಅದರ ಜೊತೆಗೆ ಭಾರತದ ಮೊದಲ ದೊಡ್ಡ ಕೈಗಾರಿಕೆಯೂ ಕರಗತೊಡಗಿತು.

ಈ ಕಥೆಯನ್ನು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ: ಡಾ. ದತ್ತಾ ಸಾಮಂತ್ ಎಂಬ ಹಟಮಾರಿ ಮುಖಂಡ ಕಾರ್ಮಿಕರನ್ನು ಎತ್ತಿಕಟ್ಟಿದರು, ಗಿರಣಿಗಳು ಮುಳುಗಿದವು. ಕಾರ್ಮಿಕರ ಗಲಾಟೆಯಿಂದ ದೇಶದ ಅಭಿವೃದ್ಧಿ ಹಾಳಾಗುತ್ತದೆ ಎನ್ನುವವರೆಲ್ಲ ಕೊಡುವ ಮೊದಲ ಉದಾಹರಣೆಯೂ ಇದೇ. ಆದರೆ ಮುಷ್ಕರದ ಹಿಂದಿನ ಐವತ್ತು ವರ್ಷ ಮತ್ತು ಮುಂದಿನ ಇಪ್ಪತ್ತು ವರ್ಷಗಳನ್ನು ಸೇರಿಸಿ ನೋಡಿದರೆ ಆ ಒಂದು ಸಾಲು ನಿಲ್ಲುವುದಿಲ್ಲ.

ಮುಂಬೈನ ಮೊದಲ ಹತ್ತಿ ಗಿರಣಿಗೆ 1854ರಲ್ಲಿ ಬಂಡವಾಳ ಕೂಡಿಸಿದವರು ಪಾರ್ಸಿ ವ್ಯಾಪಾರಿ ಕಾವಸ್ಜಿ ದಾವರ್. ತಾರ್ದೇವ್‌ನ ಆ ಗಿರಣಿ 1856ರಲ್ಲಿ ನೂಲು ತೆಗೆಯಲು ಆರಂಭಿಸಿತು. ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿ ಸಿಗದಂತಾದಾಗ ಮುಂಬೈ ವ್ಯಾಪಾರಿಗಳಿಗೆ ಹಣದ ಹೊಳೆಯೇ ಹರಿಯಿತು. ಅದರಲ್ಲಿ ನಮ್ಮ ಪಾಲೂ ಇತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬೈಗೆ ಹೋಗುತ್ತಿತ್ತು. ಅಲ್ಲಿನ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬುದೇ ಒಂದು ಹೆಸರು. ಆ ಲಾಭದ ಒಂದು ಪಾಲು ಗಿರಣಿಗಳ ಚಿಮಣಿಯಾಗಿ ಎದ್ದು ನಿಂತಿತು.

ಚಿಮಣಿಗಳ ಕೆಳಗೆ ಬೆಳೆದ ಊರಿಗೆ ಗಿರಣ್‌ಗಾಂವ್ ಎಂದು ಹೆಸರಾಯಿತು. ರತ್ನಾಗಿರಿ, ಸಾತಾರಾ, ಕೊಲ್ಹಾಪುರ ಕಡೆಯ ಗಂಡಸರು ಹೆಂಡತಿ ಮಕ್ಕಳನ್ನು ಹಳ್ಳಿಯಲ್ಲೇ ಬಿಟ್ಟು ಬರುತ್ತಿದ್ದರು. ಚಾಳ್‌ನ ಒಂದು ಕೋಣೆಗೆ ಹತ್ತು ಹನ್ನೆರಡು ಮಂದಿ. ಒಬ್ಬರು ಪಾಳಿಗೆ ಹೋದಾಗ ಅವರ ಜಾಗದಲ್ಲಿ ಇನ್ನೊಬ್ಬರ ನಿದ್ದೆ. ಊಟ ಖಾನಾವಳಿಯಲ್ಲಿ. ಅದನ್ನು ನಡೆಸುತ್ತಿದ್ದವರು ಅದೇ ಚಾಳ್‌ಗಳ ಹೆಂಗಸರು, ಬಹುಪಾಲು ಗಿರಣಿ ಕಾರ್ಮಿಕರ ಮನೆಯವರು. ಅಡುಗೆ ಸಾಮಾನನ್ನು ಕಿರಾಣಿ ಅಂಗಡಿಯಿಂದ ಸಾಲ ತಂದು, ತಿಂಗಳಿಡೀ ಬೇಯಿಸಿ ಹಾಕಿ, ಪಗಾರದ ದಿನ ದುಡ್ಡು ಎಣಿಸಿಕೊಳ್ಳುತ್ತಿದ್ದರು. ಈ ಹೆಂಗಸರನ್ನು ಸಂಘಟಿಸಿ ಬ್ಯಾಂಕ್ ಸಾಲ ಕೊಡಿಸಲು ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಗಿರಣಿಯ ಪಗಾರ ನಿಂತರೆ ಮಗ್ಗದವನ ಜೊತೆ ಖಾನಾವಳಿಯವಳು, ಕಿರಾಣಿಯವನು, ಹಳ್ಳಿಯ ಮನಿಯಾರ್ಡರ್ ಎಲ್ಲವೂ ನಿಲ್ಲುವ ಏರ್ಪಾಡು ಅದು.

ಗಿರಣಿಯೊಳಗೆ ಮಗ್ಗಗಳ ಸದ್ದಿಗೆ ಪಕ್ಕದವರ ಮಾತು ಕೇಳದೆ ಕೈಸನ್ನೆಯಲ್ಲೇ ಮಾತು. ನೂಲು ತುಂಡಾಗದಿರಲಿ ಎಂದು ಗಾಳಿಗೆ ತೇವ ಬಿಡುತ್ತಿದ್ದುದರಿಂದ ಸೆಕೆ, ಮೇಲೆ ಹತ್ತಿಯ ಧೂಳು. ಇಷ್ಟಾದರೂ ಒಳಗೆ ಕೆಲಸ ಸಿಕ್ಕವನು ಪುಣ್ಯವಂತ. ಹೊರಗೆ ಗೇಟಿನ ಬಳಿ ‘ಬದಲಿ’ಗಳು ಪಾಸು ಹಿಡಿದು ಪಾಳಿಗೆ ಮೊದಲೇ ಬಂದು ನಿಂತಿರುತ್ತಿದ್ದರು. ಯಾರಾದರೂ ಕಾಯಂ ಕಾರ್ಮಿಕ ಗೈರಾದರೆ ಇವರಿಗೆ ಆ ದಿನದ ಕೂಲಿ, ಇಲ್ಲದಿದ್ದರೆ ಬರಿಗೈಯಲ್ಲಿ ವಾಪಸು. ವರ್ಷಗಟ್ಟಲೆ ಬದಲಿಯಾಗಿಯೇ ಉಳಿದವರ ಸಂಖ್ಯೆ ಸಣ್ಣದಿರಲಿಲ್ಲ. 1982ರ ಸಿಟ್ಟಿಗೆ ಸಂಬಳದಷ್ಟೇ ಈ ಗೇಟಿನ ಕಾಯುವಿಕೆಯೂ ಕಾರಣ.

ಮುಷ್ಕರ ಗಿರಣ್‌ಗಾಂವ್‌ಗೆ ಹೊಸದಲ್ಲ. ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ 1890ರಲ್ಲಿ ಭಾನುವಾರದ ರಜೆ ಸಿಕ್ಕಿತ್ತು. 1908ರಲ್ಲಿ ತಿಲಕರಿಗೆ ಆರು ವರ್ಷ ಶಿಕ್ಷೆಯಾದಾಗ ಕಾರ್ಮಿಕರು ಆರು ದಿನ ಗಿರಣಿ ನಿಲ್ಲಿಸಿದ್ದರು. 1928ರಲ್ಲಿ ಮಗ್ಗಗಳು ಸುಮಾರು ಆರು ತಿಂಗಳು ನಿಂತವು. ಕಮ್ಯುನಿಸ್ಟರ ನೇತೃತ್ವದ ಗಿರಣಿ ಕಾಮಗಾರ್ ಯೂನಿಯನ್ ಆ ಹೋರಾಟದಲ್ಲಿ ಬೆಳೆಯಿತು. ಮರುವರ್ಷವೇ ಡಾಂಗೆ ಮುಂತಾದ ಮುಖಂಡರನ್ನು ಮೀರತ್ ಪಿತೂರಿ ಮೊಕದ್ದಮೆಯಲ್ಲಿ ಹಿಡಿದು ಹಾಕಲಾಯಿತು.

ಕೆಂಬಾವುಟದ ಭಯ ಕೊನೆಗೆ ಕಾನೂನಿನ ರೂಪ ಪಡೆಯಿತು. 1946ರ ಬಾಂಬೆ ಕೈಗಾರಿಕಾ ಸಂಬಂಧಗಳ ಕಾಯ್ದೆಯ ಪ್ರಕಾರ, ಒಂದು ಊರಿನ ಒಂದು ಉದ್ಯಮದಲ್ಲಿ ಕಾಲುಭಾಗ ಕಾರ್ಮಿಕರನ್ನು ಸದಸ್ಯರನ್ನಾಗಿ ತೋರಿಸಿದ ಸಂಘಕ್ಕೆ ‘ಪ್ರಾತಿನಿಧಿಕ ಸಂಘ’ದ ಪಟ್ಟ. ಮಾಲೀಕರೊಡನೆ ಮಾತಾಡುವ ಹಕ್ಕು ಅದಕ್ಕೆ ಮಾತ್ರ. ಉಳಿದ ಮುಕ್ಕಾಲು ಪಾಲು ಜನ ಬೇರೆ ಸಂಘದಲ್ಲಿದ್ದರೂ ಅದು ಮಾಡಿದ ಒಪ್ಪಂದಕ್ಕೆ ತಲೆಬಾಗಬೇಕು. ಕಾಂಗ್ರೆಸ್ ಪಕ್ಷದ ನೆರಳಿನ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘ ಆ ಪಟ್ಟ ಏರಿ ಕೂತಿತು. ಕಾರ್ಮಿಕರಿಗೆ ಅದು ಬೇಡವಾದಾಗಲೂ ಇಳಿಸುವ ಸುಲಭದ ದಾರಿ ಇರಲಿಲ್ಲ. ಗುಪ್ತ ಮತದಾನ ಬೇಕೆಂದು ಕೇಳಿದರೂ ಕಾಯ್ದೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮೂವತ್ತೈದು ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ಗಿರಣಿ ಕಾರ್ಮಿಕನ ಸುತ್ತ ಮುಂಬೈ ಬದಲಾಗಿತ್ತು. ಔಷಧಿ, ಎಂಜಿನಿಯರಿಂಗ್, ವಾಹನ ಕಾರ್ಖಾನೆಗಳ ಹೊಸ ಕಾರ್ಮಿಕರ ಸಂಬಳ ಗಿರಣಿಯವರನ್ನು ಹಿಂದೆ ಹಾಕಿತ್ತು. ಅಲ್ಲಿ ಸಂಬಳ ಏರಿಸಿಕೊಟ್ಟವರಲ್ಲಿ ಒಂದು ಹೆಸರು ಎಲ್ಲರ ಬಾಯಲ್ಲಿತ್ತು: ಡಾಕ್ಟರ್ ಸಾಮಂತ್. ಕೊಂಕಣದಿಂದ ಬಂದು ಘಾಟ್ಕೋಪರ್‌ನಲ್ಲಿ ದವಾಖಾನೆ ತೆರೆದವರು; ಚಿಕಿತ್ಸೆಗೆ ಬರುತ್ತಿದ್ದ ಕಲ್ಲುಗಣಿ ಕೂಲಿಗಳ ಪಾಡು ನೋಡಿ ಸಂಘಟನೆಗೆ ಇಳಿದರು. ಕಾಂಗ್ರೆಸ್ ಶಾಸಕರೂ ಆಗಿದ್ದರು, ತುರ್ತುಪರಿಸ್ಥಿತಿಯಲ್ಲಿ ಜೈಲನ್ನೂ ಕಂಡಿದ್ದರು. ಕಂಪನಿಯ ಲೆಕ್ಕಪುಸ್ತಕಕ್ಕೆ ಅವರು ಕಿವಿಗೊಡುತ್ತಿರಲಿಲ್ಲ. ಬೇಡಿಕೆ ದೊಡ್ಡದಿಡುವುದು, ಸಿಗುವವರೆಗೆ ಕೆಲಸ ನಿಲ್ಲಿಸುವುದು, ಇಷ್ಟೇ ಅವರ ತಂತ್ರ. ಅವರ ಸಂಘಟನೆಯ ಸುತ್ತ ಹಿಂಸೆಯ ಆರೋಪಗಳೂ ಇದ್ದವು. ಪ್ರೀಮಿಯರ್ ಆಟೊಮೊಬೈಲ್ಸ್‌ನಂಥ ಕಡೆ ಆ ತಂತ್ರ ಫಲ ಕೊಟ್ಟಿತ್ತು.

1981ರ ದೀಪಾವಳಿಯ ಹೊತ್ತಿಗೆ ಮಿಲ್ ಮಜ್ದೂರ್ ಸಂಘ ಒಪ್ಪಿಕೊಂಡು ಬಂದ ಬೋನಸ್ ಕಾರ್ಮಿಕರಿಗೆ ಸಮಾಧಾನ ತರಲಿಲ್ಲ. ಸ್ಟ್ಯಾಂಡರ್ಡ್ ಮಿಲ್ ಸೇರಿ ಕೆಲವು ಗಿರಣಿಗಳವರು ಕೆಲಸ ಬಿಟ್ಟು ಮೆರವಣಿಗೆಯಲ್ಲಿ ಘಾಟ್ಕೋಪರ್‌ಗೆ ಹೋದರು. ಗಿರಣಿ ಉದ್ಯಮ ತನಗೆ ಹೊಸದು, ಕಾಯ್ದೆ ಅಡ್ಡ ನಿಂತಿದೆ ಎಂದು ಸಾಮಂತ್ ಮೊದಲು ಹಿಂಜರಿದರು. ಕಾರ್ಮಿಕರು ಬಿಡಲಿಲ್ಲ. ಅಂದರೆ ಮುಖಂಡ ಕಾರ್ಮಿಕರನ್ನು ಎಳೆದದ್ದಕ್ಕಿಂತ ಕಾರ್ಮಿಕರೇ ಮುಖಂಡನನ್ನು ಎಳೆದು ತಂದರು. ಬೇಡಿಕೆಗಳಲ್ಲಿ ಸಂಬಳ ಏರಿಕೆ, ಬದಲಿಗಳ ಕಾಯಮಾತಿ, ಮನೆ ಬಾಡಿಗೆ ಭತ್ಯೆ ಇದ್ದವು. ಎಲ್ಲಕ್ಕಿಂತ ಮೇಲೆ ಇದ್ದದ್ದು 1946ರ ಕಾಯ್ದೆಯ ರದ್ದತಿ.

ಮಾತುಕತೆಯಿಂದ ಬಗೆಹರಿಸಬೇಕಾದವರೇ ಆ ಹೊತ್ತಿಗೆ ಕುರ್ಚಿಯಲ್ಲಿರಲಿಲ್ಲ. ಸಿಮೆಂಟ್ ಹಗರಣದ ತೀರ್ಪಿನ ನಂತರ ಮುಖ್ಯಮಂತ್ರಿ ಎ.ಆರ್. ಅಂತುಲೆ ಜನವರಿಯಲ್ಲೇ ರಾಜೀನಾಮೆ ಕೊಟ್ಟರು. ಮುಷ್ಕರ ಶುರುವಾದ ಮೂರ್ನಾಲ್ಕು ದಿನಕ್ಕೆ ಬಾಬಾಸಾಹೇಬ್ ಭೋಸಲೆ ಅಧಿಕಾರಕ್ಕೆ ಬಂದರು. ನಿರ್ಧಾರವೆಲ್ಲ ದಿಲ್ಲಿಯದು. ಕಾಯ್ದೆ ಪ್ರಕಾರ ಮುಷ್ಕರವೇ ಅಕ್ರಮ, ಸಾಮಂತ್ ಯಾರ ಪ್ರತಿನಿಧಿಯೂ ಅಲ್ಲ. ಅವರೊಡನೆ ಕೂತು ಮಾತಾಡಿದರೆ ಬಂದರು, ಸಾರಿಗೆಗೂ ಅವರ ಕೈ ಚಾಚೀತು ಎಂಬ ಆತಂಕ ಇಂದಿರಾ ಗಾಂಧಿ ಸರ್ಕಾರಕ್ಕೆ. ಎರಡೂವರೆ ಲಕ್ಷ ಜನ ಯಾರ ಹಿಂದೆ ಇದ್ದಾರೆಂದು ಇಡೀ ಊರಿಗೆ ಗೊತ್ತಿತ್ತು, ಸರ್ಕಾರದ ಕಡತಕ್ಕೆ ಮಾತ್ರ ಗೊತ್ತಿರಲಿಲ್ಲ.

ಮಾಲೀಕರಿಗೂ ಅವಸರವಿರಲಿಲ್ಲ. ಮಾರುಕಟ್ಟೆ ತಣ್ಣಗಿತ್ತು, ಗೋದಾಮಿನಲ್ಲಿ ಬಟ್ಟೆ ರಾಶಿ ಬಿದ್ದಿತ್ತು. ಮುಷ್ಕರದ ಮೊದಲ ತಿಂಗಳುಗಳು ಅವರಿಗೆ ಸಂಬಳ ಕೊಡದೆ ದಾಸ್ತಾನು ಖಾಲಿ ಮಾಡುವ ಅವಕಾಶವಾದವು. ಆಮೇಲೆ ಹಲವರು ಭಿವಂಡಿ ಮುಂತಾದ ಕಡೆಯ ವಿದ್ಯುತ್ ಮಗ್ಗಗಳಲ್ಲಿ ಬಟ್ಟೆ ನೇಯಿಸಿ, ತಮ್ಮ ಗಿರಣಿಯ ಮುದ್ರೆ ಒತ್ತಿ ಮಾರಿದರು. ಗೇಟಿನ ಹೊರಗಿದ್ದ ಕಾರ್ಮಿಕ ತಾನು ಗಿರಣಿ ನಿಲ್ಲಿಸಿದ್ದೇನೆ ಎಂದುಕೊಂಡಿದ್ದ. ಬಟ್ಟೆ ಅಂಗಡಿಯಲ್ಲಿ ಅದೇ ಹೆಸರಿನ ಥಾನು ಬಿಚ್ಚಿಕೊಳ್ಳುತ್ತಲೇ ಇತ್ತು.

ಹಲವು ಕಾರ್ಮಿಕರು ಹಳ್ಳಿಗಳಿಗೆ ಮರಳಿದರು. ಸಾತಾರಾ, ಕೊಲ್ಹಾಪುರ ಕಡೆಯ ರೈತರು ಜೋಳ, ಅಕ್ಕಿ ಕೂಡಿಸಿ ಮುಂಬೈಗೆ ಕಳಿಸಿದರು. ಆದರೆ ಹೊಲ ಎಷ್ಟು ಜನರನ್ನು ಸಾಕೀತು? ಚಾಳ್‌ಗಳಲ್ಲಿ ಪಾತ್ರೆ ಮಾರಿದರು, ಆಮೇಲೆ ಮಂಗಳಸೂತ್ರ. ಬಾಕಿ ಬೆಳೆದು ಖಾನಾವಳಿಗಳ ಒಲೆ ಆರಿತು. ಆಗಸ್ಟ್ 18ರಂದು ಮುಂಬೈ ಪೊಲೀಸರೇ ತಮ್ಮ ಸಂಘದ ಮಾನ್ಯತೆ ರದ್ದಾದುದರ ವಿರುದ್ಧ ಬಂಡೆದ್ದಾಗ ಗಿರಣಿ ಕಾರ್ಮಿಕರೂ ಬೀದಿಗಿಳಿದರು, ಸೇನೆ ಕರೆಸಬೇಕಾಯಿತು. ಅದೇ ಕೊನೆಯ ದೊಡ್ಡ ಅಲೆ. ಆ ವರ್ಷ ಇಡೀ ದೇಶ ಕೈಗಾರಿಕಾ ವಿವಾದಗಳಿಂದ ಕಳೆದುಕೊಂಡ ಏಳು ಕೋಟಿಗೂ ಹೆಚ್ಚು ಮಾನವ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದೇ ಮುಷ್ಕರದ ಲೆಕ್ಕಕ್ಕೆ ಬಂದವು.

1983ರಲ್ಲಿ ಒಬ್ಬೊಬ್ಬರಾಗಿ ಗೇಟಿಗೆ ಬಂದರು. ಹಲವರನ್ನು ಮಾಲೀಕರು ಸೇರಿಸಿಕೊಳ್ಳಲಿಲ್ಲ, ಸೇರಿಸಿಕೊಂಡವರಿಗೆ ಹಳೆಯ ಸೇವೆಯ ಲೆಕ್ಕ ಎಲ್ಲರಿಗೂ ಸಿಗಲಿಲ್ಲ. ಲಕ್ಷದ ಆಸುಪಾಸಿನಲ್ಲಿ ಕಾರ್ಮಿಕರು ಕೆಲಸ ಕಳೆದುಕೊಂಡರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 13 ಗಿರಣಿಗಳ ಆಡಳಿತವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಕಾಯ್ದೆ ಹಾಗೆಯೇ ಉಳಿಯಿತು. ಹೋರಾಟ ಸೋತ ಬಳಿಕವೂ 1984ರ ಚುನಾವಣೆಯಲ್ಲಿ, ಇಂದಿರಾ ಹತ್ಯೆಯ ಅನುಕಂಪದ ಅಲೆಯ ನಡುವೆ, ಗಿರಣ್‌ಗಾಂವ್ ಸಾಮಂತ್ ಅವರನ್ನು ಪಕ್ಷೇತರರಾಗಿ ಲೋಕಸಭೆಗೆ ಕಳಿಸಿತು. ಕಾರ್ಮಿಕರ ಪ್ರತಿನಿಧಿ ಯಾರೆಂಬ ಪ್ರಶ್ನೆಗೆ ಗುಪ್ತ ಮತದಾನದ ಉತ್ತರ ಹೀಗೆ ಸುಮಾರು ಮೂರು ವರ್ಷ ತಡವಾಗಿ ಬಂತು.

ಈಗ ಮೂಲ ಪ್ರಶ್ನೆ. ಗಿರಣಿಗಳನ್ನು ಕೊಂದದ್ದು ಮುಷ್ಕರವೇ?

ಇದಕ್ಕೆ ಉತ್ತರ ಹುಡುಕಲು ಅಹಮದಾಬಾದಿಗೆ ಹೋಗಬೇಕು. ಅಲ್ಲಿ 1918ರಲ್ಲಿ ಗಾಂಧೀಜಿ ಗಿರಣಿ ಕಾರ್ಮಿಕರ ಪರ ಉಪವಾಸ ಕೂತರು. ಎದುರು ಪಾಳಯದ ಮುಂದಾಳು ಅಂಬಾಲಾಲ್ ಸಾರಾಭಾಯಿ, ಕಾರ್ಮಿಕರ ಜೊತೆ ಅವರದೇ ಅಕ್ಕ ಅನಸೂಯಾ ಸಾರಾಭಾಯಿ. ಆ ಹೋರಾಟದಿಂದ ಹುಟ್ಟಿದ ಮಜೂರ್ ಮಹಾಜನ್ ಸಂಘ ಮಧ್ಯಸ್ಥಿಕೆಯ ದಾರಿ ಹಿಡಿಯಿತು. ಕೈಗಾರಿಕಾ ಶಾಂತಿಗೆ ಅಹಮದಾಬಾದ್ ಮಾದರಿ ಎನಿಸಿತು. ಅಲ್ಲಿ ಸಾಮಂತ್ ಇರಲಿಲ್ಲ, 1982ರ ಮುಷ್ಕರವೂ ಇರಲಿಲ್ಲ. ಆದರೂ ಎಂಬತ್ತರ ದಶಕದಲ್ಲಿ ಅಲ್ಲಿನ ಗಿರಣಿಗಳು ಸಾಲುಸಾಲಾಗಿ ಮುಚ್ಚಿದವು, ಹತ್ತಾರು ಸಾವಿರ ಜನ ಬೀದಿಗೆ ಬಿದ್ದರು. ಜಗಳವಾಡಿದ ಊರಿಗೂ ಜಗಳವಾಡದ ಊರಿಗೂ ಒಂದೇ ಗತಿಯಾದರೆ ಜಗಳವೊಂದನ್ನೇ ಕಾರಣ ಮಾಡುವಂತಿಲ್ಲ.

ನಿಜವಾದ ಕಾಯಿಲೆ ಹಳೆಯದು. ಲಾಭ ಬಂದ ಕಾಲದಲ್ಲಿ ಬಹಳಷ್ಟು ಮಾಲೀಕರು ಹೊಸ ಯಂತ್ರ ತರಲಿಲ್ಲ; ಹಣ ಬೇರೆ ಉದ್ಯಮಗಳಿಗೆ ಹೋಯಿತು. ಸರ್ಕಾರ ಒಂದು ಕಡೆ ಗಿರಣಿಗಳ ಮಗ್ಗದ ಸಂಖ್ಯೆಗೆ ಮಿತಿ ಹಾಕಿ, ಇನ್ನೊಂದು ಕಡೆ ಸಣ್ಣ ವಿದ್ಯುತ್ ಮಗ್ಗಗಳಿಗೆ ಅಬಕಾರಿ ಸುಂಕದ ರಿಯಾಯಿತಿ ಕೊಟ್ಟಿತು. ಕೈಮಗ್ಗದವರನ್ನು ಕಾಪಾಡುವ ಉದ್ದೇಶದ ನೀತಿಯ ಲಾಭ ವಿದ್ಯುತ್ ಮಗ್ಗಗಳ ಪಾಲಾಯಿತು. ಮುಷ್ಕರಕ್ಕೆ ಮೊದಲೇ ಭಿವಂಡಿ, ಮಾಲೇಗಾಂವ್, ಇಚಲಕರಂಜಿ, ಸೂರತ್‌ಗಳ ಮಗ್ಗಗಳು ಗಿರಣಿಗಳ ಮಾರುಕಟ್ಟೆ ತಿನ್ನುತ್ತಿದ್ದವು. ಕಾಯಿಲೆ ಬಿದ್ದವನನ್ನು ಮುಷ್ಕರ ಮಂಚದಿಂದ ಕೆಳಗಿಳಿಸಿತು, ಅಷ್ಟೆ.

ಹಾಗಾದರೆ ದೇಶಕ್ಕೆ ಆದ ನಷ್ಟವೇನು? ಭಾರತದಲ್ಲಿ ಬಟ್ಟೆಯ ಕೊರತೆ ಬೀಳಲಿಲ್ಲ. ಮೀಟರ್ ಲೆಕ್ಕದಲ್ಲಿ ಅಭಿವೃದ್ಧಿ ಅಳೆಯುವವರಿಗೆ ನಷ್ಟವೇ ಕಾಣಿಸಲಿಕ್ಕಿಲ್ಲ. ಆದರೆ ಬಟ್ಟೆ ನೇಯುವ ಜಾಗ ಬದಲಾಯಿತು. ಗಿರಣಿಯಲ್ಲಿ ಎಂಟು ಗಂಟೆಯ ಪಾಳಿ, ಭವಿಷ್ಯ ನಿಧಿ, ಇಎಸ್‌ಐ ಆಸ್ಪತ್ರೆ, ತುಟ್ಟಿಭತ್ಯೆ, ಗ್ರಾಚ್ಯುಟಿ ಇದ್ದವು. ವಿದ್ಯುತ್ ಮಗ್ಗದ ತಗಡಿನ ಶೆಡ್ಡಿನಲ್ಲಿ ಹನ್ನೆರಡು ಗಂಟೆಯ ಪಾಳಿ, ನೇಯ್ದ ಮೀಟರಿಗೆ ಇಷ್ಟು ಎಂಬ ಕೂಲಿ, ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲ. ಹತ್ತು ಜನ ಅಥವಾ ಹೆಚ್ಚು ತೋರಿಸಿದರೆ ಕಾರ್ಖಾನೆ ಕಾಯ್ದೆ ಬರುತ್ತದೆಂದು ಒಂದೇ ಶೆಡ್ಡನ್ನು ಮನೆಯವರ ಹೆಸರಿನಲ್ಲಿ ನಾಲ್ಕು ಮಾಡಿದವರಿದ್ದರು. ನೂರು ವರ್ಷದ ಹೋರಾಟದಿಂದ ಮುಂದಕ್ಕೆ ಬಂದಿದ್ದ ಕೈಗಾರಿಕೆ ಒಂದೇ ದಶಕದಲ್ಲಿ ಹಿಂದಕ್ಕೆ ನಡೆಯಿತು. ಸಣ್ಣ ಶೆಡ್ಡಿನವನಿಗೆ ಹೊಸ ಯಂತ್ರ ಕೊಳ್ಳುವ, ಕೆಲಸಗಾರರನ್ನು ತರಬೇತುಗೊಳಿಸುವ, ಹೊರದೇಶದ ದೊಡ್ಡ ಆರ್ಡರ್ ಪೂರೈಸುವ ತಾಕತ್ತೂ ಇರಲಿಲ್ಲ. ಸಾವಿರಾರು ಜನರನ್ನು ಒಂದೇ ಸೂರಿನಡಿ ದುಡಿಸುವ ಉದ್ಯಮ ಕಟ್ಟುವುದಕ್ಕಿಂತ ಚೂರುಚೂರಾಗಿ ಹಂಚಿ ಮಾಡಿಸುವುದೇ ಕ್ಷೇಮ ಎಂಬ ಪಾಠವನ್ನು ಬಂಡವಾಳಗಾರ ಕಲಿತ. ಆ ಪಾಠದ ಬೆಲೆಯನ್ನು ದೇಶ ಇನ್ನೂ ತೆರುತ್ತಿದೆ.

ಅದೇ ಕಾಲದಲ್ಲಿ ಬೆಂಗಳೂರೂ ಒಂದು ದೊಡ್ಡ ಮುಷ್ಕರ ಕಂಡಿತು. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್‌ನ ಸುಮಾರು ಒಂದೂಕಾಲು ಲಕ್ಷ ಕಾರ್ಮಿಕರು ಬಿಎಚ್‌ಇಎಲ್‌ಗೆ ಸಮನಾದ ಸಂಬಳ ಕೇಳಿ 1980ರ ಡಿಸೆಂಬರ್ ಕೊನೆಯಿಂದ 77 ದಿನ ಕೆಲಸ ನಿಲ್ಲಿಸಿದರು. ಆ ಸಮಾನತೆ ಸಿಗದೆಯೇ ಮರಳಿದರು. ಮುಂದೆ ಎಚ್‌ಎಂಟಿ ಗಡಿಯಾರದ ಕಥೆ ಮುಗಿದದ್ದು ಆ ಮುಷ್ಕರದಿಂದಲ್ಲ. ಕ್ವಾರ್ಟ್ಜ್ ಗಡಿಯಾರ ಬಂದಾಗ ಸಮಯಕ್ಕೆ ಸರಿಯಾಗಿ ಬದಲಾಗದ ಆಡಳಿತದಿಂದ. ಶತಮಾನ ಕಂಡ ಬೆಂಗಳೂರಿನ ಬಿನ್ನಿ ಬಟ್ಟೆ ಮಿಲ್ಲಿನ ಜಾಗದಲ್ಲಿ ಇವತ್ತು ಬಹುಮಹಡಿ ವಸತಿ ಕಟ್ಟಡಗಳಿವೆ, ಮಾಲ್ ಇದೆ.

ಮುಷ್ಕರ ಎಂದರೆ ವಿನಾಶ ಎಂಬುದು ಎಲ್ಲ ದೇಶಗಳ ಅನುಭವವಲ್ಲ. ದಕ್ಷಿಣ ಕೊರಿಯಾದಲ್ಲಿ ಸೈನಿಕ ಸರ್ಕಾರ ಕಾರ್ಮಿಕ ಸಂಘಗಳನ್ನು ವರ್ಷಗಳ ಕಾಲ ಹತ್ತಿಕ್ಕಿತ್ತು. 1987ರ ಜೂನ್‌ನಲ್ಲಿ ಜನರ ಒತ್ತಡಕ್ಕೆ ಮಣಿದು ಪ್ರಜಾಸತ್ತಾತ್ಮಕ ಚುನಾವಣೆಗೆ ಒಪ್ಪಿದ್ದೇ ತಡ, ಉಲ್ಸಾನ್‌ನ ಹ್ಯೂಂಡೈ ಕಾರ್ಖಾನೆಗಳಿಂದ ಹಿಡಿದು ದೇಶದ ತುಂಬ ಮುಷ್ಕರಗಳು ಸಿಡಿದವು. ಆ ಒಂದೇ ವರ್ಷ 3,700ಕ್ಕೂ ಹೆಚ್ಚು ವಿವಾದಗಳು. ಸಾವಿರಾರು ಹೊಸ ಸಂಘಗಳು ಹುಟ್ಟಿದವು, ಕೂಲಿ ಜೋರಾಗಿ ಏರಿತು. ಬೂಸಾನ್‌ನ ಬೂಟು ಕಾರ್ಖಾನೆಗಳು ಕಡಿಮೆ ಕೂಲಿಯ ದೇಶಗಳಿಗೆ ಎದ್ದುಹೋದವು, ಆ ನೋವು ಅಲ್ಲಿಯೂ ಇತ್ತು. ಆದರೆ ದೊಡ್ಡ ಕಂಪನಿಗಳು ಯಂತ್ರ, ಸಂಶೋಧನೆ, ದುಬಾರಿ ಸರಕುಗಳತ್ತ ಹೊರಳಿದವು. ಏರಿದ ಸಂಬಳ ದೇಶದೊಳಗೇ ಕಾರು, ಟಿವಿಗಳಿಗೆ ಗಿರಾಕಿಗಳನ್ನು ಸೃಷ್ಟಿಸಿತು. 1996ರಲ್ಲಿ ಕೊರಿಯಾ ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ ಸೇರಿತು. ಅದಕ್ಕೆ ಆಗಿನ ರಫ್ತು ಮಾರುಕಟ್ಟೆಯ ಅನುಕೂಲವೂ ಕಾರಣ. ಆದರೂ ವ್ಯತ್ಯಾಸ ಸ್ಪಷ್ಟ: ಅಲ್ಲಿ ಸಿಟ್ಟು ಹೊರಬಂದ ಮೇಲೆ ಕೂತು ಮಾತಾಡಲು ಕಾರ್ಮಿಕರು ಕಟ್ಟಿದ ಸಂಘಗಳಿದ್ದವು, ಮಾಲೀಕರ ಬಳಿ ಹೊಸ ಬಂಡವಾಳ ಹೂಡುವ ಮನಸ್ಸಿತ್ತು. ಮುಂಬೈಯಲ್ಲಿ ಎರಡೂ ಇರಲಿಲ್ಲ.

ಮುಂಬೈಯಲ್ಲಿ ಮಾಲೀಕರ ಕಣ್ಣು ನೆಲದ ಮೇಲೆ ಬಿದ್ದಿತ್ತು. ಬಟ್ಟೆಗಿಂತ ಬಟ್ಟೆ ನೇಯುವ ಜಾಗಕ್ಕೆ ಬೆಲೆ ಬಂದಿತ್ತು. 1991ರ ಅಭಿವೃದ್ಧಿ ನಿಯಮಗಳು ಗಿರಣಿ ಜಮೀನಿನಲ್ಲಿ ಮೂರನೇ ಒಂದು ಪಾಲು ಬಯಲು ಜಾಗಕ್ಕೆ, ಇನ್ನೊಂದು ಪಾಲು ಬಡವರ ವಸತಿಗೆ, ಉಳಿದದ್ದು ಮಾಲೀಕರಿಗೆ ಎಂದವು. 2001ರ ತಿದ್ದುಪಡಿ ಖಾಲಿ ಇರುವ ಜಾಗವನ್ನಷ್ಟೇ ಹಂಚಿಕೆಯ ಲೆಕ್ಕಕ್ಕೆ ತೆಗೆದುಕೊಂಡಿತು. ಜನರ ಪಾಲು ಕುಗ್ಗಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಫೀನಿಕ್ಸ್ ಮಿಲ್ ಮಾಲ್ ಆಯಿತು, ಕಮಲಾ ಮಿಲ್ ಕಚೇರಿ, ಹೋಟೆಲುಗಳ ಅಂಗಳವಾಯಿತು. ಹಳೆಯ ಕಾರ್ಮಿಕರು ಮನೆಗಾಗಿ ಸರ್ಕಾರದ ಲಾಟರಿಯಲ್ಲಿ ಹೆಸರು ಬರುವುದನ್ನು ಕಾಯತೊಡಗಿದರು. ಅದಕ್ಕೂ ಮೊದಲೇ ಸಾಮಂತ್ ಅವರನ್ನು 1997ರ ಜನವರಿ 16ರಂದು ಪವಾಯಿಯಲ್ಲಿ ಗುಂಡಿಟ್ಟು ಕೊಂದಿದ್ದರು.

ಸಾಮಂತ್ ಅವರ ತಪ್ಪೂ ಸಣ್ಣದಲ್ಲ. ಲಾಭದಲ್ಲಿದ್ದ ಕಾರ್ಖಾನೆಗಳಲ್ಲಿ ಗೆದ್ದ ತಂತ್ರವನ್ನು ಸಾಯುತ್ತಿದ್ದ ಉದ್ಯಮದ ಮೇಲೆ ಪ್ರಯೋಗಿಸಿದರು. ಹಿಂದೆ ಸರಿಯುವ ದಾರಿಯನ್ನು ಯೋಚಿಸಿರಲಿಲ್ಲ. ಆದರೆ ದೊಡ್ಡ ಹೊಣೆ ಕಾಯ್ದೆಯದು, ಆ ಕಾಯ್ದೆಯ ಹಿಂದೆ ಅಡಗಿ ಕೂತ ಸರ್ಕಾರದ್ದು. ಕಾರ್ಮಿಕರು ಒಪ್ಪದ ಸಂಘವನ್ನು ಅವರ ದನಿ ಎಂದು ಕಾಗದದ ಮೇಲೆ ಬರೆದರೆ, ನಿಜವಾದ ದನಿ ಬೀದಿಯಲ್ಲಿ ಕೇಳಿಸುತ್ತದೆ.

ಇದು ಹಳೆಯ ಮಾತಲ್ಲ. 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದ ಐಫೋನ್ ಜೋಡಣೆ ಕಾರ್ಖಾನೆಯಲ್ಲಿ ಸಾವಿರಾರು ಕಾರ್ಮಿಕರು ಗಾಜು ಒಡೆದು, ವಾಹನಗಳನ್ನು ಉರುಳಿಸಿದರು. ಸಂಬಳ ಸರಿಯಾಗಿ ಬಂದಿಲ್ಲ ಎಂಬ ದೂರು ವಾರಗಳಿಂದ ಇತ್ತು. ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಕೊಟ್ಟಿಲ್ಲವೆಂದು ಕಾರ್ಖಾನೆ ನಡೆಸುತ್ತಿದ್ದ ವಿಸ್ಟ್ರಾನ್ ಕಂಪನಿ ಆಮೇಲೆ ತಾನೇ ಒಪ್ಪಿಕೊಂಡು ಕ್ಷಮೆ ಕೇಳಿತು. ಅಲ್ಲಿ ಬಹುಪಾಲು ಗುತ್ತಿಗೆ ಕಾರ್ಮಿಕರು. ಅವರ ದೂರನ್ನು ಮೇಜಿನ ಮೇಲೆ ಇಡುವ ಸಂಘವಿರಲಿಲ್ಲ.

ಸಂಸತ್ತು 2020ರಲ್ಲಿ ಅಂಗೀಕರಿಸಿದ ಕೈಗಾರಿಕಾ ಸಂಬಂಧಗಳ ಸಂಹಿತೆ ಶೇ 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘವನ್ನು ಮಾತುಕತೆಯ ಸಂಘವೆಂದು ಒಪ್ಪುತ್ತದೆ. ಕಾಲುಭಾಗಕ್ಕೆ ಪಟ್ಟ ಕಟ್ಟುತ್ತಿದ್ದ ಹಳೆಯ ಕಾಯ್ದೆಗಿಂತ ಇದು ಮೇಲು. ಆದರೆ ಆ ಬೆಂಬಲವನ್ನು ಎಣಿಸುವ ಬಗೆಯನ್ನು ನಿಯಮಗಳಿಗೆ ಬಿಟ್ಟಿದೆ. ಜೊತೆಗೆ 14 ದಿನ ಮೊದಲು ನೋಟಿಸ್ ಕೊಡದೆ ಎಲ್ಲಿಯೂ ಮುಷ್ಕರ ಹೂಡುವಂತಿಲ್ಲ ಎಂದಿದೆ. ಮುಷ್ಕರಕ್ಕೆ ಬೇಲಿ ಹಾಕುವ ಸರ್ಕಾರ ಮಾತುಕತೆಗೆ ಬಾಗಿಲನ್ನೂ ಇಡಬೇಕು. ಪ್ರತಿ ಕಾರ್ಖಾನೆಯಲ್ಲೂ, ಗುತ್ತಿಗೆಯವರನ್ನೂ ಸೇರಿಸಿಕೊಂಡು, ಗುಪ್ತ ಮತದಾನದಿಂದ ಪ್ರತಿನಿಧಿ ಸಂಘವನ್ನು ಆರಿಸುವ ನಿಯಮ ಬರಲಿ. ಖರ್ಚು ಒಂದು ದಿನದ ಮತಪೆಟ್ಟಿಗೆಯದು. 1981ರಲ್ಲಿ ಮುಂಬೈ ಅಷ್ಟನ್ನು ಮಾಡಿದ್ದರೆ ಗಿರಣಿಗಳೆಲ್ಲ ಉಳಿಯುತ್ತಿದ್ದವು ಎನ್ನಲಾಗದು. ಆದರೆ ಎರಡೂವರೆ ಲಕ್ಷ ಕುಟುಂಬಗಳ ಭವಿಷ್ಯ ಬೀದಿಯಲ್ಲಿ ತೀರ್ಮಾನವಾಗುತ್ತಿರಲಿಲ್ಲ.